ಗಡಿ ದಾಟಿ ಬಂದ ವಿದ್ಯಾರ್ಥಿಯ ಹೊಣೆ ಯಾರದು?



ಎಲೆಕ್ಟ್ರಾನಿಕ್ ಸಿಟಿಯ ಸಮೀಪದಲ್ಲಿರುವ ಶ್ರೀಮಠದ ಶಾಖೆಯಲ್ಲಿ ಪ್ರತಿ ಭಾನುವಾರ ಸಂಜೆ ಸಾಮೂಹಿಕ ಪ್ರಾರ್ಥನೆಯ ಬಳಿಕ ದಾಸೋಹ ನಡೆಯುತ್ತದೆ. ಪಂಕ್ತಿಯಲ್ಲಿ ಕೂರುವವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಸುತ್ತಲಿನ ಪಿ.ಜಿ.ಗಳಲ್ಲಿ ವಾಸವಾಗಿರುವ ವಿದ್ಯಾರ್ಥಿಗಳು. ಎರಡು ವರ್ಷಗಳ ಹಿಂದಿನ ಕಾರ್ತಿಕ ಮಾಸದಲ್ಲಿ ಅವರಲ್ಲೊಬ್ಬ ಬರುವುದನ್ನು ನಿಲ್ಲಿಸಿದ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡದ ಹುಡುಗ. ಇಂಜಿನಿಯರಿಂಗ್ ಎರಡನೆಯ ವರ್ಷ. ಐದು ಭಾನುವಾರ ಕಳೆದ ಮೇಲೆ ಆತನ ಕೋಣೆಯ ಗೆಳೆಯನೇ ಬಂದು ತಿಳಿಸಿದ: ಮೂರು ವಾರಗಳಿಂದ ಆತ ತರಗತಿಗೂ ಹೋಗಿಲ್ಲ, ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ, ಯಾರೊಂದಿಗೂ ಮಾತಿಲ್ಲ.

ನಾವು ಹೋಗಿ ನೋಡಿದಾಗ ಆತ ಹೇಳಿದ ಮೊದಲ ಮಾತು, "ಸರ, ಊರಾಗ ಏನೂ ಹೇಳಬ್ಯಾಡ್ರಿ" ಎಂಬುದು. ಕಾರಣ ಕೇಳಿದಾಗ ಹೊರಬಂದದ್ದು ಕಾಗದಪತ್ರಗಳ ಕಥೆ. ಗಡಿನಾಡ ಕನ್ನಡಿಗನೆಂಬ ನೆಲೆಯಲ್ಲಿ ಆತನಿಗೆ ಕರ್ನಾಟಕದಲ್ಲಿ ಸೀಟು ದೊರೆತಿತ್ತು. ಆದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದಾಗ ಇಲ್ಲಿಯ ಜಾಲತಾಣವು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಕೇಳಿತು. ಆತನ ಬಳಿ ಇದ್ದುದು ಮಹಾರಾಷ್ಟ್ರದ ತಹಶೀಲ್ದಾರರ ಪ್ರಮಾಣಪತ್ರ. ತನ್ನ ರಾಜ್ಯದ ಕಡೆಗೆ ತಿರುಗಿದರೆ, ಓದುತ್ತಿರುವ ಕಾಲೇಜು ಅಲ್ಲಿಯ ಪಟ್ಟಿಯಲ್ಲಿರಲಿಲ್ಲ. ಎರಡನೆಯ ಕಂತಿನ ಶುಲ್ಕ ಬಾಕಿ ಉಳಿಯಿತು. ಪರೀಕ್ಷೆಯ ಪ್ರವೇಶಪತ್ರ ಸಿಗುವುದಿಲ್ಲವೆಂಬ ಸೂಚನೆ ಬಂತು. ತಂದೆ ಸಾಲ ಮಾಡಿ ಮೊದಲ ಕಂತನ್ನು ಕಟ್ಟಿದ್ದರು. ಅವರಿಗೆ ಮತ್ತೆ ಹೇಗೆ ಹೇಳುವುದೆಂದು ತಿಳಿಯದೆ ಹುಡುಗ ಕೋಣೆಯ ಬಾಗಿಲನ್ನು ಹಾಕಿಕೊಂಡಿದ್ದ.

ಆತನ ಬದುಕು ಈಗ ಸರಿದಾರಿಗೆ ಬಂದಿದೆ. ಆತನ ಒಪ್ಪಿಗೆ ಪಡೆದೇ, ಹೆಸರು ಹೇಳದೆ ಇದನ್ನು ಬರೆಯುತ್ತಿದ್ದೇವೆ. ಆದರೆ ಐದು ಭಾನುವಾರಗಳ ಕಾಲ ಆ ಎಲೆ ಖಾಲಿ ಉಳಿದದ್ದನ್ನು ನಾವು ಗಮನಿಸಲಿಲ್ಲ ಎಂಬ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ವಿದ್ಯಾರ್ಥಿಗಳು ರಾಜ್ಯದ ಗಡಿಯನ್ನು ದಾಟಿ ಬರುತ್ತಿದ್ದಾರೆ. ಅವರ ಹಿತವನ್ನು ಕಾಯಬೇಕಾದ ವ್ಯವಸ್ಥೆಗಳು ಮಾತ್ರ ಗಡಿಯಲ್ಲೇ ನಿಂತುಬಿಡುತ್ತವೆ. ಈ ಅಂತರವನ್ನು ತುಂಬಲು ರಾಜ್ಯಗಳು ಏನು ಮಾಡಿವೆ, ಏನು ಮಾಡಬೇಕಾಗಿದೆ, ಭಕ್ತಸಮುದಾಯವಾಗಿ ನಾವು ಏನು ಮಾಡಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಹೊರವಲಯವೇ ಏಕೆ?

ಕೇಂದ್ರ ಸರ್ಕಾರದ 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿಯೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ, ಸಂಖ್ಯೆ 1,106. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿಯನ್ನೂ ನೋಡಬೇಕು. ಹದಿನೆಂಟರಿಂದ ಇಪ್ಪತ್ತಮೂರರ ವಯೋಮಾನದ ಜನಸಂಖ್ಯೆಗೆ ಹೋಲಿಸಿದಾಗ ಉನ್ನತ ಶಿಕ್ಷಣಕ್ಕೆ ದಾಖಲಾದವರ ಪ್ರಮಾಣ ತಮಿಳುನಾಡಿನಲ್ಲಿ ನೂರಕ್ಕೆ 47, ಕರ್ನಾಟಕದಲ್ಲಿ 36.2. ಕಾಲೇಜುಗಳ ಸಂಖ್ಯೆಯಲ್ಲಿ ನಾವು ಮುಂದಿದ್ದೇವೆ, ಮಕ್ಕಳನ್ನು ಅವುಗಳ ಬಾಗಿಲಿಗೆ ತಲುಪಿಸುವುದರಲ್ಲಿ ನೆರೆಯವರು ಮುಂದಿದ್ದಾರೆ. ಒಬ್ಬರಿಂದ ಒಬ್ಬರು ಕಲಿಯಬೇಕಾದದ್ದು ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳು ರಾಗಿ ಬೆಳೆಯುವ ಹಳ್ಳಿಗಳಾಗಿದ್ದವು. ಇಂದು ಹೊಸೂರು ರಸ್ತೆಯುದ್ದಕ್ಕೂ, ವೈಟ್‌ಫೀಲ್ಡ್ ಸುತ್ತಮುತ್ತ, ಪೀಣ್ಯದಿಂದ ತುಮಕೂರು ರಸ್ತೆಯ ಕಡೆಗೆ ಕಾಲೇಜುಗಳೂ ಪಿ.ಜಿ.ಗಳೂ ಒತ್ತಾಗಿ ಬೆಳೆದಿವೆ. ಓದು ಮುಗಿದೊಡನೆ ಕೆಲಸ ಇಲ್ಲಿಯೇ ಸಿಗಬಹುದೆಂಬ ಆಸೆಯಿಂದ ಮಕ್ಕಳು ಆಂಧ್ರ, ತೆಲಂಗಾಣ, ಕೇರಳ, ತಮಿಳುನಾಡುಗಳಿಂದ, ಬಿಹಾರ, ಬಂಗಾಳಗಳಿಂದ, ಈಶಾನ್ಯ ರಾಜ್ಯಗಳಿಂದ ಬರುತ್ತಾರೆ. ಕಲಬುರಗಿ, ಬೀದರ್‌ಗಳಿಂದ ಬರುವ ನಮ್ಮ ಮಕ್ಕಳಿಗೂ ಈ ಪ್ರದೇಶ ಹೊಸ ದೇಶದಂತೆಯೇ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಗಡಿ ಇಲ್ಲಿ ಭೂಪಟದ ಗೆರೆಯಲ್ಲ, ನಿತ್ಯ ದಾಟುವ ದಾರಿ.

ಹಳೆಯ ಪಾಠ

ಬೇರೆ ಸೀಮೆಯ ವಿದ್ಯಾರ್ಥಿಗೆ ಆಸರೆ ನೀಡುವುದು ನಮ್ಮ ಸಮಾಜಕ್ಕೆ ಹೊಸ ವಿಚಾರವೇನಲ್ಲ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬೈ ಕರ್ನಾಟಕದ ಯುವಕರು ಪದವಿ ಶಿಕ್ಷಣಕ್ಕಾಗಿ ಪುಣೆ, ಮುಂಬೈ, ಕೊಲ್ಲಾಪುರಗಳ ಕಡೆ ಮುಖ ಮಾಡಬೇಕಾಗಿತ್ತು. ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು 1901ರಿಂದ ಆರಂಭಿಸಿ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳಿಗೆ ಆಶ್ರಯ ನೀಡಿದರು. ಲಿಂಗಾಯತ ವಿದ್ಯಾರ್ಥಿಗಳ ವಸತಿಗೃಹವೂ ಅವುಗಳಲ್ಲಿ ಒಂದು. ಊಟ ಮತ್ತು ವಸತಿ ದೊರೆಯದಿದ್ದರೆ ಕಾಲೇಜಿನ ಬಾಗಿಲು ತೆರೆದಿದ್ದೂ ಪ್ರಯೋಜನವಿಲ್ಲ ಎಂಬ ಸತ್ಯವನ್ನು ಆ ಅರಸರು ಕಂಡುಕೊಂಡಿದ್ದರು.

ಇತ್ತ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ಕಾಲೇಜು ತೆರೆದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟಿತು. ಮುಂದೆ ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಿಂದ ಗಡಿಯಾಚೆಗೂ ಹೋಗಿ ತಮಿಳುನಾಡಿನ ಊಟಿಯಲ್ಲಿ ಔಷಧ ವಿಜ್ಞಾನ ಕಾಲೇಜನ್ನೂ ಉತ್ತರ ಪ್ರದೇಶದ ನೋಯ್ಡಾದಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆಯನ್ನೂ ಕಟ್ಟಿತು. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ನೀಡಿದ್ದನ್ನು ನಾಡೆಲ್ಲ ಬಲ್ಲದು. ಇವೆಲ್ಲವೂ ವಿದ್ಯೆಯ ಜೊತೆಗೆ ವಿದ್ಯಾರ್ಥಿಯ ಬದುಕಿನ ಹೊಣೆಯನ್ನೂ ಹೊತ್ತ ಸಂಸ್ಥೆಗಳು.

ರಾಜ್ಯಗಳು ಕೂಡಿ ಮಾಡಿದ್ದೇನು?

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ಭಾಷಾವಾರು ರಾಜ್ಯಗಳನ್ನು ರೂಪಿಸಿದಾಗ, ಅವು ಒಂದಕ್ಕೊಂದು ಬೆನ್ನು ತಿರುಗಿಸಬಾರದೆಂದು ವಲಯ ಪರಿಷತ್ತುಗಳನ್ನೂ ರಚಿಸಿತು. ದಕ್ಷಿಣ ವಲಯ ಪರಿಷತ್ತಿನಲ್ಲಿ ಕರ್ನಾಟಕದೊಂದಿಗೆ ಆಂಧ್ರ ಪ್ರದೇಶ, ತೆಲಂಗಾಣ, ತಮಿಳುನಾಡು, ಕೇರಳ, ಪುದುಚೇರಿಗಳಿವೆ. ಮಹಾರಾಷ್ಟ್ರ ಮತ್ತು ಗೋವಾ ಪಶ್ಚಿಮ ವಲಯಕ್ಕೆ ಸೇರಿವೆ. ಹೀಗಾಗಿ ಜತ್ತ, ಅಕ್ಕಲಕೋಟೆಗಳ ಕನ್ನಡ ಮಕ್ಕಳ ಪ್ರಶ್ನೆಯು ಯಾವ ಪರಿಷತ್ತಿನ ಮೇಜಿಗೂ ಸಹಜವಾಗಿ ಬರುವುದಿಲ್ಲ. ನಾವು ಕಂಡ ಹುಡುಗ ಸಿಕ್ಕಿಕೊಂಡದ್ದು ಇಂಥ ಸಂದಿಯಲ್ಲಿಯೇ.

ಆದರೂ ಸಹಕಾರದ ಒಳ್ಳೆಯ ಮಾದರಿಗಳು ಇಲ್ಲದಿಲ್ಲ. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ದಕ್ಷಿಣದ ಎಲ್ಲ ರಾಜ್ಯಗಳ ಶಿಕ್ಷಕ ವಿದ್ಯಾರ್ಥಿಗಳನ್ನು ಒಂದೇ ಆವರಣದಲ್ಲಿ ಓದಿಸುತ್ತ ಬಂದಿದೆ. 2014ರಲ್ಲಿ ಆಂಧ್ರ ಪ್ರದೇಶ ವಿಭಜನೆಯಾದಾಗ ಪುನರ್ವಿಂಗಡಣಾ ಕಾಯ್ದೆಯ 95ನೆಯ ಕಲಮು ಹತ್ತು ವರ್ಷಗಳ ಕಾಲ ಎರಡೂ ರಾಜ್ಯಗಳ ವಿದ್ಯಾರ್ಥಿಗಳಿಗೆ ಹಿಂದಿದ್ದ ಪ್ರವೇಶದ ಹಕ್ಕನ್ನು ಉಳಿಸಿಕೊಟ್ಟಿತು. ಮನೆ ಪಾಲಾದರೂ ಮಕ್ಕಳ ಓದು ಪಾಲಾಗಬಾರದೆಂಬ ವಿವೇಕ ಅದರಲ್ಲಿತ್ತು. ಆ ಅವಧಿ 2024ರ ಜೂನ್‌ನಲ್ಲಿ ಮುಗಿದಿದೆ.

ನಮ್ಮ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿಯೂ ಇಂಥದೊಂದು ಅವಕಾಶವಿದೆ. ಅನೇಕ ಭಕ್ತರಿಗೆ ಇದು ತಿಳಿದಿಲ್ಲ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳು ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಗಡಿನಾಡ ಕನ್ನಡಿಗರೆಂದು ಅರ್ಜಿ ಸಲ್ಲಿಸಬಹುದು. ಹೊರನಾಡ ಕನ್ನಡಿಗರಿಗೂ ಪ್ರತ್ಯೇಕ ಅವಕಾಶವಿದೆ. ಇವರ ಕನ್ನಡ ಜ್ಞಾನವನ್ನು ಪ್ರಾಧಿಕಾರವು ಪರೀಕ್ಷಿಸುತ್ತದೆ. ಇದನ್ನು ಅರಿಯದೆ ಹೆಚ್ಚಿನ ಹಣ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಪಡೆದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಕೊಳ್ಳುವುದು ಅತ್ಯಗತ್ಯ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಜಾರಿಗೆ ತಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಇನ್ನೊಂದು ಸಾಧನ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಆತನ ಹೆಸರಿನ ಖಾತೆಯಲ್ಲಿ ಜಮೆಯಾಗಿರುತ್ತವೆ. ಅನಾರೋಗ್ಯದಿಂದಲೋ ಮನೆಯ ಕಷ್ಟದಿಂದಲೋ ಓದು ನಡುವೆ ನಿಂತರೆ, ಓದಿದ್ದೆಲ್ಲ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಸೇರಬಯಸುವ ಸಂಸ್ಥೆಯು ಒಪ್ಪಿದರೆ ಬೇರೆ ಊರಿನಲ್ಲಿ ಓದನ್ನು ಮುಂದುವರಿಸಬಹುದು.

2025ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ತೆಲಂಗಾಣ, ಹಿಮಾಚಲ ಪ್ರದೇಶ, ಜಾರ್ಖಂಡ್ ರಾಜ್ಯಗಳ ಪ್ರತಿನಿಧಿಗಳು ಉನ್ನತ ಶಿಕ್ಷಣದ ಕುರಿತು ಸಮಾವೇಶಗೊಂಡು, ಕುಲಪತಿಗಳ ನೇಮಕವೇ ಮೊದಲಾದ ವಿಷಯಗಳಲ್ಲಿ ಅನುದಾನ ಆಯೋಗದ ಕರಡು ನಿಯಮಗಳನ್ನು ಚರ್ಚಿಸಿ ನಿರ್ಣಯ ಕೈಗೊಂಡವು. ಆ ನಿರ್ಣಯದ ಗುಣದೋಷಗಳನ್ನು ವಿಮರ್ಶಿಸುವುದು ಶ್ರೀಮಠದ ಕೆಲಸವಲ್ಲ. ನಾವು ಗಮನಿಸುವುದು ಇಷ್ಟೇ: ಅಧಿಕಾರದ ಪ್ರಶ್ನೆ ಬಂದಾಗ ರಾಜ್ಯಗಳು ಒಂದೇ ಮೇಜಿನ ಸುತ್ತ ಕೂರಬಲ್ಲವು. ಅದೇ ಮೇಜಿಗೆ ವಿದ್ಯಾರ್ಥಿಯ ಯೋಗಕ್ಷೇಮವೂ ಬರಬೇಕು.

ಮನಸ್ಸಿನ ಆರೋಗ್ಯಕ್ಕೆ ಗಡಿಯಿಲ್ಲದ ದಾರಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಈ ಅಂಕಿಯನ್ನು ಬರೆಯುವಾಗ ಕೈ ತಡೆಯುತ್ತದೆ. ಪ್ರತಿಯೊಂದು ಸಾವಿನ ಹಿಂದೆಯೂ ಒಂದೇ ಕಾರಣವಿರುವುದಿಲ್ಲ. ಆದರೆ ಸಕಾಲದಲ್ಲಿ ಮಾತು ಮತ್ತು ಚಿಕಿತ್ಸೆ ದೊರೆತರೆ ಎಷ್ಟೋ ಜೀವಗಳು ಉಳಿಯುತ್ತವೆ ಎಂಬುದು ವೈದ್ಯಲೋಕ ಒಪ್ಪಿದ ಸಂಗತಿ.

ಈ ದಿಸೆಯಲ್ಲಿ ರಾಜ್ಯಗಳು ಕೂಡಿ ನಡೆಸುತ್ತಿರುವ ಅತ್ಯಂತ ಉಪಯುಕ್ತ ಕಾರ್ಯ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಈ ಸೇವೆಯ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ಅದಕ್ಕೆ ಬೇಕಾದ ತಂತ್ರಜ್ಞಾನದ ನೆರವು ನೀಡಿದ್ದು ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಇರುವ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಎರಡೂ ಸಂಸ್ಥೆಗಳು ಇರುವುದು ಒಂದೇ ಹೊಸೂರು ರಸ್ತೆಯ ಮೇಲೆ. ಇಲ್ಲಿಂದ ಹೊರಟ ಈ ವ್ಯವಸ್ಥೆ ಇಂದು ಎಲ್ಲ ರಾಜ್ಯಗಳನ್ನೂ ಕೇಂದ್ರಾಡಳಿತ ಪ್ರದೇಶಗಳನ್ನೂ ಒಂದು ಜಾಲವಾಗಿ ಬೆಸೆದಿದೆ.

ಇದು ನಡೆಯುವ ಬಗೆ ಸರಳ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಇಪ್ಪತ್ತು ಭಾಷೆಗಳಲ್ಲಿ ಸೇವೆಯಿದ್ದು, ಕರೆ ಮಾಡಿದವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವೆನಿಸಿದರೆ ಕರೆಯನ್ನು ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಮುಖತಃ ಚಿಕಿತ್ಸೆ ಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೋ ವೈದ್ಯಕೀಯ ಕಾಲೇಜಿಗೋ ಕಳಿಸುತ್ತಾರೆ. ಈವರೆಗೆ 20 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಈ ಸೇವೆ ಸ್ವೀಕರಿಸಿದೆ. ಜತ್ತದ ಆ ಹುಡುಗನೂ ಅಂದು ನಮ್ಮೆದುರೇ ಈ ಸಂಖ್ಯೆಗೆ ಕರೆ ಮಾಡಿದ. ಅತ್ತಲಿಂದ ಕನ್ನಡದಲ್ಲಿ ದನಿ ಕೇಳಿದೊಡನೆ ಆತನ ಬಿಗಿದ ಮುಖ ಸ್ವಲ್ಪ ಸಡಿಲಾದದ್ದನ್ನು ನಾವು ಕಂಡೆವು. ಯಾವ ರಾಜ್ಯದ ಪ್ರಮಾಣಪತ್ರವೆಂದು ಅವರು ಕೇಳಲಿಲ್ಲ.

ಇನ್ನು ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳು. ಪಶ್ಚಿಮ ಬಂಗಾಳದ ಬಾಲಕಿಯೊಬ್ಬಳು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆಂದು ವಿಶಾಖಪಟ್ಟಣಕ್ಕೆ ಬಂದು ಅಲ್ಲಿ ಅಸುನೀಗಿದ ಪ್ರಕರಣದಲ್ಲಿ, ತಂದೆಯ ಮೊರೆಯನ್ನು ಆಲಿಸಿದ ನ್ಯಾಯಾಲಯವು 2025ರ ಜುಲೈ 25ರಂದು ದೇಶಕ್ಕೆಲ್ಲ ಅನ್ವಯವಾಗುವ ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಹೊಂದಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ಎದ್ದು ಕಾಣುವಂತೆ ಬರೆದು ಹಾಕಬೇಕು. ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರ್ಪಡಿಸಿ ಕೂರಿಸುವ, ಎಲ್ಲರೆದುರು ಹೀಯಾಳಿಸುವ ರೂಢಿ ನಿಲ್ಲಬೇಕು.

ಈ ನಿರ್ದೇಶನಗಳು ಶಾಲಾ ಕಾಲೇಜುಗಳಿಗಷ್ಟೇ ಅಲ್ಲ, ವಿದ್ಯಾರ್ಥಿನಿಲಯಗಳಿಗೂ ಅನ್ವಯಿಸುತ್ತವೆ. ಎಂದರೆ ಮಠಗಳು ನಡೆಸುವ ವಿದ್ಯಾರ್ಥಿನಿಲಯಗಳಿಗೂ. "ಮಠದಲ್ಲಿ ಬೆಳೆದ ಮಗುವಿಗೆ ಇಂಥ ಚಿಂತೆ ಬರುವುದಿಲ್ಲ" ಎಂಬ ಮಾತನ್ನು ನಾವೇ ಹಲವು ಸಲ ಆಡಿದ್ದೇವೆ. ಅದು ತಪ್ಪು ಎಂದು ಒಪ್ಪಿಕೊಳ್ಳುತ್ತೇವೆ. ಪ್ರಾರ್ಥನೆ, ಇಷ್ಟಲಿಂಗ ಪೂಜೆಗಳು ಮನಸ್ಸಿಗೆ ನೆಲೆ ಕೊಡುತ್ತವೆ. ಆದರೆ ಜ್ವರ ಬಂದವನಿಗೆ ವಿಭೂತಿ ಹಚ್ಚಿದ ಮೇಲೆ ವೈದ್ಯರ ಬಳಿಗೂ ಕಳಿಸುತ್ತೇವಲ್ಲವೇ? ಮನಸ್ಸಿನ ನೋವಿಗೂ ಅದೇ ನಿಯಮ.

ಇನ್ನೂ ಆಗಬೇಕಾದದ್ದು

ರಾಜ್ಯಗಳು ಕೂಡಿ ಮಾಡಬೇಕಾದ ಕೆಲಸಗಳಲ್ಲಿ ಮೂರು ನಮಗೆ ಮುಖ್ಯವಾಗಿ ಕಾಣುತ್ತವೆ.

ಮೊದಲನೆಯದು ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ, ವಿದ್ಯಾರ್ಥಿ ಬೇರೆ ರಾಜ್ಯದಲ್ಲಿ ಓದಿದರೂ ಆತನ ಸ್ವಂತ ರಾಜ್ಯವೇ ಹಣ ನೀಡುವ ಪದ್ಧತಿಯಿದೆ. ತತ್ತ್ವ ಸರಿಯಾಗಿದೆ. ಒಂದು ರಾಜ್ಯದ ತಹಶೀಲ್ದಾರರ ಪ್ರಮಾಣಪತ್ರವನ್ನು ಇನ್ನೊಂದು ರಾಜ್ಯದ ಜಾಲತಾಣ ನೇರವಾಗಿ ಪರಿಶೀಲಿಸುವಂತಾದರೆ, ಹಿಂದುಳಿದ ವರ್ಗದ ಮತ್ತು ಬಡ ಕುಟುಂಬಗಳ ಮಕ್ಕಳಿಗೂ ಇದೇ ತತ್ತ್ವವನ್ನು ವಿಸ್ತರಿಸಬಹುದು. ಹಣ ಬರುವವರೆಗೆ ಪರೀಕ್ಷೆಯ ಪ್ರವೇಶಪತ್ರವನ್ನು ತಡೆಹಿಡಿಯದಂತೆ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಳ್ಳಬೇಕು.

ಎರಡನೆಯದು ಆರೈಕೆಯ ಮುಂದುವರಿಕೆ. ಬೆಂಗಳೂರಿನಲ್ಲಿ ಚಿಕಿತ್ಸೆ ಆರಂಭಿಸಿದ ವಿದ್ಯಾರ್ಥಿ ರಜೆಗೆ ಊರಿಗೆ ಹೋದಾಗ ಅದು ಅಲ್ಲಿಗೆ ಕಡಿದುಹೋಗುತ್ತದೆ. ಆತನ ಒಪ್ಪಿಗೆ ಪಡೆದು, ಗೌಪ್ಯತೆಯನ್ನು ಕಾಪಾಡಿ, ತವರು ಜಿಲ್ಲೆಯ ವೈದ್ಯರಿಗೆ ವಿಷಯ ತಲುಪಿಸುವ ಕ್ರಮ ಬೇಕು.

ಮೂರನೆಯದು ಭಾಷೆ. ದುಃಖವನ್ನು ಹೇಳಿಕೊಳ್ಳಲು ಕಲಿತ ಭಾಷೆ ಸಾಲದು. ಕಾಲೇಜಿನ ಆಪ್ತಸಮಾಲೋಚಕರಿಗೆ ಇಂಗ್ಲಿಷ್ ಮಾತ್ರ ಬಂದರೆ, ಕಲಬುರಗಿಯ ಹುಡುಗಿಗೂ ಕಡಪದ ಹುಡುಗನಿಗೂ ಬಾಗಿಲು ಅರ್ಧ ಮುಚ್ಚಿದಂತೆಯೇ. ಅಕ್ಕಪಕ್ಕದ ಕಾಲೇಜುಗಳು ಕೂಡಿ ಬೇರೆ ಬೇರೆ ಭಾಷೆ ಬಲ್ಲವರನ್ನು ನೇಮಿಸಿಕೊಳ್ಳಬಹುದು.

ಶ್ರೀಮಠದ ಸಂಕಲ್ಪ, ಭಕ್ತರಲ್ಲಿ ಬಿನ್ನಹ

ಜತ್ತದ ಹುಡುಗನ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಕಾಲೇಜಿನವರು ಕೊನೆಗೆ ಒಪ್ಪಿದರು. ಒಂದು ಕಂತನ್ನು ಭಕ್ತರೊಬ್ಬರು ಹೆಸರು ಹೇಳದೆ ಭರಿಸಿದರು. ಆತನ ಅನುಮತಿ ಪಡೆದೇ ತಂದೆಗೆ ವಿಷಯ ತಿಳಿಸಿದೆವು. ಅವರು ಬೈಯಲಿಲ್ಲ, ರಾತ್ರಿ ಬಸ್ಸು ಹತ್ತಿ ಬಂದರು. ಹುಡುಗ ಪರೀಕ್ಷೆ ಬರೆದ, ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ, ಮತ್ತೆ ಬರೆದು ಪಾಸಾದ. ಈಗ ಕೊನೆಯ ವರ್ಷದಲ್ಲಿದ್ದಾನೆ. ಭಾನುವಾರ ಬಡಿಸುವ ಸಾಲಿನಲ್ಲಿ ನಿಲ್ಲುತ್ತಾನೆ.

ಆ ಘಟನೆಯ ಬಳಿಕ ಪೂಜ್ಯ ಶ್ರೀಗಳ ಅಪ್ಪಣೆಯಂತೆ ಶಾಖೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಎರಡು ಭಾನುವಾರ ಬಾರದ ವಿದ್ಯಾರ್ಥಿಗೆ ಸೋಮವಾರ ಫೋನು ಹೋಗುತ್ತದೆ. ಏಕೆ ಬರಲಿಲ್ಲವೆಂದು ವಿಚಾರಿಸಲು ಅಲ್ಲ, ಹೇಗಿದ್ದೀರಿ ಎಂದು ಕೇಳಲು. ದಾಸೋಹ ಭವನದ ಗೋಡೆಯ ಮೇಲೆ 14416 ಸಂಖ್ಯೆಯನ್ನು ಕನ್ನಡ, ತೆಲುಗು, ತಮಿಳು, ಹಿಂದಿಗಳಲ್ಲಿ ಬರೆಸಿದ್ದೇವೆ. ವಿದ್ಯಾರ್ಥಿನಿಲಯಕ್ಕೆ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳುವ ಕಾರ್ಯ ನಡೆದಿದೆ. ಮೇಲೆ ಹೇಳಿದ ಮೂರು ವಿಷಯಗಳ ಕುರಿತು ಸರ್ಕಾರಕ್ಕೆ ಸಲ್ಲಿಸಬೇಕಾದ ಮನವಿಯೂ ಸಿದ್ಧವಾಗುತ್ತಿದೆ.

ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟು. ಪಿ.ಜಿ. ನಡೆಸುವವರು, ಕೋಣೆಯಿಂದ ಹೊರಬಾರದ, ಊಟ ಬಿಟ್ಟ ಮಗುವನ್ನು ಬಾಡಿಗೆದಾರನೆಂದು ನೋಡದೆ ಒಮ್ಮೆ ಮಾತನಾಡಿಸಿರಿ. ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು ಭಾನುವಾರ ಒಂದು ಗಂಟೆ ಬಂದು ಮಕ್ಕಳ ಅರ್ಜಿಗಳನ್ನು ನೋಡಿಕೊಡಿರಿ. ಪೀಣ್ಯದ ಉದ್ಯಮಿಗಳು, ವೈಟ್‌ಫೀಲ್ಡಿನ ತಂತ್ರಜ್ಞರು, ನಿಮಗೆ ಮರಾಠಿ, ತೆಲುಗು, ತಮಿಳು ಬರುವುದಾದರೆ ಆ ಭಾಷೆಯ ಮಕ್ಕಳಿಗೆ ಹಿರಿಯಣ್ಣನಾಗಿ, ಅಕ್ಕನಾಗಿ ನಿಲ್ಲಿರಿ. ಊರಿನಲ್ಲಿರುವ ತಂದೆತಾಯಂದಿರು, ಫೋನಿನಲ್ಲಿ ಅಂಕಗಳನ್ನು ಕೇಳುವ ಮುನ್ನ ಊಟ, ನಿದ್ರೆಗಳನ್ನು ಕೇಳಿರಿ. ಯಾವುದೇ ಮಗು ಬದುಕು ಸಾಕೆಂಬ ಮಾತನ್ನಾಡಿದರೆ ಅದನ್ನು ಹಗುರವಾಗಿ ಎಣಿಸದೆ, ಒಂಟಿಯಾಗಿ ಬಿಡದೆ, ಕೂಡಲೇ 14416ಕ್ಕೆ ಕರೆ ಮಾಡಿರಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಕಲ್ಯಾಣದ ಅನುಭವ ಮಂಟಪಕ್ಕೆ ಸೊನ್ನಲಿಗೆಯಿಂದ ಸಿದ್ಧರಾಮರು ಬಂದರು. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರೂ ಸೌರಾಷ್ಟ್ರದಿಂದ ಆದಯ್ಯನವರೂ ಅಫ್ಘಾನ ದೇಶದಿಂದ ಮರುಳಶಂಕರದೇವರೂ ಬಂದರೆಂದು ಪರಂಪರೆ ಹೇಳುತ್ತದೆ. ಬಂದವರ ಸೀಮೆಯನ್ನು ಕೇಳಿ ಆಮೇಲೆ ಒಳಗೆ ಕರೆದ ಕಥೆಯನ್ನು ನಾವು ಎಲ್ಲಿಯೂ ಓದಿಲ್ಲ. ಆ ಪರಂಪರೆಯ ವಾರಸುದಾರರಾದ ನಮ್ಮ ಪಂಕ್ತಿಯಲ್ಲಿ ಮುಂದಿನ ಭಾನುವಾರ ಯಾವ ಎಲೆ ಖಾಲಿಯಿದೆ ಎಂಬುದನ್ನು ನಾವೆಲ್ಲರೂ ಕೂಡಿ ಗಮನಿಸೋಣ.

ಕಾರ್ಯದರ್ಶಿಗಳು, ಶ್ರೀಮಠ